ಬಿಳಿ ಗೋಡೆಯ ಬುಡದ ಹಳದಿ ಸಸಿಗಳು

ನನ್ನ ಓದು ನಿಂತದ್ದು ೧೯೬೧ರಲ್ಲಿ, ಎಂಟನೆಯ ತರಗತಿಯ ನಡುವಿನಲ್ಲಿ. ನಿಂತಿತು ಎನ್ನುವುದಕ್ಕಿಂತ ನಿಲ್ಲಿಸಿದರು ಎಂದರೆ ಸರಿ. ಬಾವಿಯ ನೀರು ತಳಕ್ಕಿಳಿದಿತ್ತು, ಕಪಿಲೆಯಲ್ಲಿ ನೀರೆತ್ತುವ ಎತ್ತುಗಳನ್ನು ದಿನವಿಡೀ ಮುಂದಕ್ಕೂ ಹಿಂದಕ್ಕೂ ನಡೆಸಲು ಅಪ್ಪನಿಗೆ ಒಬ್ಬ ಆಳು ಬೇಕಿತ್ತು. ನಾನು ಶಾಲೆಯಲ್ಲಿ ಕೂತ ಕೊನೆಯ ದಿನ ವಾಧ್ಯಾರರು ಬೋರ್ಡಿನ ಮೇಲೆ ಒಂದು ದೊಡ್ಡ ಎಲೆ ಬರೆದು, ಎಲೆ ಹಸಿರಾಗಿರುವುದು ಯಾಕೆ ಎಂದು ಕೇಳಿದರು. ಯಾರಿಗೂ ಗೊತ್ತಿರಲಿಲ್ಲ. ಗಂಟೆ ಹೊಡೆಯಿತು. ನಾಳೆ ಹೇಳುತ್ತೇನೆ ಎಂದರು. ಆ ನಾಳೆ ನಾನು ಎತ್ತುಗಳ ಹಿಂದಿದ್ದೆ.

ಆಮೇಲೆ ಮೂವತ್ತೇಳು ವರ್ಷ ಆ ಉತ್ತರ ನನಗೆ ಬೇಕಾಗಲಿಲ್ಲ. ಎಲೆ ತನ್ನ ಪಾಡಿಗೆ ಹಸಿರಾಗಿತ್ತು, ನಾನು ನನ್ನ ಪಾಡಿಗೆ ದುಡಿದೆ.

ಅರ್ಧಕ್ಕೆ ಓದು ಬಿಟ್ಟವರಲ್ಲಿ ಎರಡು ಜಾತಿ. ಕೆಲವರು ತಮಗೇನೂ ತಿಳಿಯದು ಎಂದು ಜೀವನವಿಡೀ ತಲೆ ತಗ್ಗಿಸಿ ನಡೆಯುತ್ತಾರೆ. ಉಳಿದವರು ತಮಗೆ ತಿಳಿಯದ್ದು ಯಾವುದೂ ಇಲ್ಲ ಎಂದು ಎದೆಯುಬ್ಬಿಸಿ ನಡೆಯುತ್ತಾರೆ. ನಾನು ಎರಡನೆಯ ಜಾತಿ. ತಮಿಳುನಾಡಿನ ಕಂಬಂ ಕಡೆ, ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು ಎಂದು ಬೆಳೆದವನು ನಾನು. ಕನ್ನಡ ಅಕ್ಷರ ಕಲಿತದ್ದು ಕಂಬಂನ ದ್ರಾಕ್ಷಿ ಹೇರಿದ ಲಾರಿಯಲ್ಲಿ ಬೆಂಗಳೂರಿನ ಮಾರುಕಟ್ಟೆಗೆ ಹೋಗಿಬರುತ್ತಿದ್ದ ಎರಡು ವರ್ಷಗಳಲ್ಲಿ, ಅಂಗಡಿಗಳ ಬೋರ್ಡು ನೋಡಿ ನೋಡಿ. ಯಾರೂ ಹೇಳಿಕೊಡದೆ ಕಲಿತ ಆ ಐವತ್ತು ಅಕ್ಷರ ನನ್ನ ತಲೆಗೆ ಏರಿಸಿದ ಅಮಲನ್ನು ಯಾವ ಕಾಲೇಜೂ ಯಾರಿಗೂ ಏರಿಸಿರಲಾರದು. ಇಷ್ಟನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದು ನಿಮಗೆ ಸುಲಭವಾಗಿ ಅರ್ಥವಾಗುತ್ತದೆ.

ಹೋದ ವರ್ಷ ಐಪ್ಪಸಿ ತಿಂಗಳಲ್ಲಿ, ಅಂದರೆ ದೀಪಾವಳಿ ಮುಗಿದ ವಾರ, ತಕ್ಕಾಳಿ ಬೀಜ ಚೆಲ್ಲಬೇಕಾಗಿತ್ತು. ತಕ್ಕಾಳಿ ಎಂದರೆ ನಮ್ಮ ಕಡೆ ಟೊಮೆಟೊ. ಯಾವಾಗಲೂ ತೋಟದ ಬಾವಿಯ ಬಳಿ ಪಾತಿ ಮಾಡಿ ಸಸಿ ಎಬ್ಬಿಸುತ್ತಿದ್ದೆ. ಹೋದ ವರ್ಷ ಬಲಗಾಲಿನ ಮೊಣಕಾಲು ಕೈಕೊಟ್ಟಿತು. ದಿನಕ್ಕೆ ಎರಡು ಸಲ ನೀರು ಚಿಮುಕಿಸಲು ತೋಟದವರೆಗೆ ನಡೆಯುವುದು ಆಗದ ಮಾತು. ಮನೆಯ ಹಿತ್ತಲಲ್ಲೇ, ಗೋಡೆಯ ಬುಡದಲ್ಲಿ ನಾಲ್ಕು ಪಾತಿ ಮಾಡಿಕೊಳ್ಳೋಣ ಎಂದುಕೊಂಡೆ.

ನಮ್ಮ ಹಿತ್ತಲಿಗೂ ಅಕ್ಕನ ಹಿತ್ತಲಿಗೂ ನಡುವೆ ಒಂದು ಮೋಟುಗೋಡೆ, ಅದರಲ್ಲಿ ಒಂದು ಸಣ್ಣ ಬಾಗಿಲು. ಅಕ್ಕ ನನಗಿಂತ ಏಳು ವರ್ಷಕ್ಕೆ ದೊಡ್ಡವಳು. ಆಂಡಿಪಟ್ಟಿಯ ಕಡೆಯ ಒಣನೆಲಕ್ಕೆ ಮದುವೆಯಾಗಿ ಹೋಗಿ, ಗಂಡನನ್ನು ಕಳೆದುಕೊಂಡು, ಕಂಕುಳಲ್ಲಿ ಮಗುವನ್ನೆತ್ತಿಕೊಂಡು ಬಂದಳು. ಆಗ ಪಕ್ಕದ ತುಂಡು ಜಾಗದಲ್ಲಿ ಅವಳಿಗೊಂದು ಮನೆ ಎಬ್ಬಿಸಿಕೊಟ್ಟೆ. ಆ ಮಗು ಈಗ ಕಂಬಂನಲ್ಲಿ ಷೇರ್ ಆಟೊ ಓಡಿಸುತ್ತಾನೆ, ಅವನಿಗೂ ಹೆಂಡತಿ ಮಕ್ಕಳು. ನಡುವಿನ ಬಾಗಿಲಿಗೆ ಎರಡೂ ಕಡೆ ಅಗುಳಿ ಉಂಟು, ಹಾಕಿದ ನೆನಪು ಯಾರಿಗೂ ಇಲ್ಲ. ಅಕ್ಕ ಬಟ್ಟೆ ಒಗೆಯುತ್ತಿದ್ದ ಕಲ್ಲು ನಮ್ಮ ಹಿತ್ತಲಲ್ಲೇ, ನಮ್ಮ ನೀರಿನ ತೊಟ್ಟಿಯ ಪಕ್ಕ. ಆ ಕಲ್ಲನ್ನು ಗಾಡಿಯಲ್ಲಿ ತಂದು, ಹೆಗಲು ಕೊಟ್ಟು ಇಳಿಸಿದವನು ನಾನೇ.

ನಾನು ಸನಿಕೆ ಹಿಡಿದು ಗೋಡೆಯ ಮೂಲೆ ಅಗೆಯುತ್ತಿದ್ದಾಗ ಅಕ್ಕ ಬಟ್ಟೆ ಹಿಂಡುತ್ತ ಕೂಗಿದಳು.

"ಆ ಮೂಲೆ ಬ್ಯಾಡ ತಮ್ಮಾ. ನನ್ನ ಮಲ್ಲಿಗೆ ಅಲ್ಲೇ ತಾನೆ ಹಳ್ದಿ ಬಿದ್ದು ಹೋಯ್ತು? ಮಣ್ಣು ಏನೋ ಸರಿ ಇಲ್ಲೆ."

"ಮಲ್ಲಿಗೆಗೆ ನೀನು ಹಾಕಿದ್ದೇನು? ಕುಡಿದು ಉಳಿದ ಕಾಪಿ ಚರಟ. ನಲ್ವತ್ತು ವರ್ಸ ಮಣ್ಣು ಕೆದಕ್ದವನಿಗೆ ಮಣ್ಣಿನ ಸುದ್ದಿ ಹೇಳ್ತೀಯಾ?"

"ನಾನ್ಯಾಕಪ್ಪ ಹೇಳ್ಲಿ! ವಾದ್ಯಾರ್ಗೇ ಪಾಟ ಹೇಳೋನು ನೀನು" ಎಂದು ಅಕ್ಕ ನಕ್ಕಳು. ಒಳಗಿನಿಂದ ನನ್ನ ಹೆಂಡತಿ ರುಕ್ಮಣಿಯೂ ನಕ್ಕಳು. ಹೆಂಗಸರು ಗೋಡೆಯ ಆಚೆ ಈಚೆ ಒಟ್ಟಿಗೆ ನಕ್ಕರೆ ಗಂಡಸು ಇನ್ನೂ ಜೋರಾಗಿ ಅಗೆಯುತ್ತಾನೆ. ನಾನು ಹಾಗೇ ಮಾಡಿದೆ.

ಬೀಜ ಚೆನ್ನಾಗಿಯೇ ಮೊಳೆಯಿತು. ಜೋಡಿ ಎಲೆ ಹಸಿರಾಗಿ ಬಂತು. ತಾಯಿಯ ಹಾಲು ಕುಡಿದ ಕೂಸಿನ ಹಾಗೆ, ಬೀಜದೊಳಗಿನ ಕಟ್ಟುಬುತ್ತಿ ಮುಗಿಯುವವರೆಗೆ ಯಾವ ಸಸಿಯೂ ಚೆಂದವೇ. ಮೂರನೆಯ ಎಲೆ ಬರುವ ಹೊತ್ತಿಗೆ ಸಸಿಯ ಬಣ್ಣ ಸೋರಿತು. ನಾಲ್ಕನೆಯದರ ಹೊತ್ತಿಗೆ ಪಾತಿಯೆಲ್ಲ ನಿಂಬೆಹಣ್ಣಿನ ಸಿಪ್ಪೆಯ ಹಾಗಾಯಿತು.

ಹಳದಿಗೆ ನಮ್ಮ ಮನೆಗಳಲ್ಲಿ ಇರುವಷ್ಟು ಮರ್ಯಾದೆ ಬೇರೆ ಯಾವ ಬಣ್ಣಕ್ಕೂ ಇಲ್ಲ. ತಾಳಿಯ ದಾರಕ್ಕೆ ಹಳದಿ, ಲಗ್ನಪತ್ರಿಕೆಯ ನಾಲ್ಕು ಮೂಲೆಗೆ ಹಳದಿ, ಮಾರಿಯಮ್ಮನಿಗೆ ಹರಕೆ ಹೊತ್ತವಳ ಸೀರೆ ಹಳದಿ, ಪೊಂಗಲ್ ಮಡಕೆಯ ಕತ್ತಿಗೆ ಕಟ್ಟುವುದು ಅರಿಸಿನದ ಹಸಿ ಗಿಡ. ಇಷ್ಟು ಮಂಗಳವಾದ ಬಣ್ಣ ಎರಡು ಕಡೆ ಬಂದರೆ ಮಾತ್ರ ಎದೆ ಧಸಕ್ಕೆನ್ನುತ್ತದೆ. ಒಂದು ಮನುಷ್ಯನ ಕಣ್ಣು, ಇನ್ನೊಂದು ಎಳೆ ಗಿಡದ ಎಲೆ. ಕಣ್ಣಿಗೆ ಬಂದರೆ ಕೀಳಾನೆಲ್ಲಿ, ಅಂದರೆ ನೆಲನೆಲ್ಲಿ ಸೊಪ್ಪು ಅರೆದು ಕುಡಿಸುವವರು ಊರಿಗೊಬ್ಬರಾದರೂ ಇದ್ದಾರೆ. ಎಲೆಗೆ ಬಂದರೆ ಊರಿಗೆ ಊರೇ ವೈದ್ಯರು.

ಮೊದಲ ವೈದ್ಯ ನಾನೇ. ಹಳದಿ ಎಂದರೆ ಹಸಿವು, ಹಸಿವು ಎಂದರೆ ಯೂರಿಯಾ. ಒಂದು ಹಿಡಿ ಕರಗಿಸಿ ಹೊಯ್ದೆ. ಸಸಿ ಎತ್ತರವಾಯಿತು, ಹಳದಿಯೂ ಅದರ ಜೊತೆಗೆ ಎತ್ತರಕ್ಕೇರಿತು. ನೀರು ಹೆಚ್ಚಾಗಿರಬೇಕು ಎಂದು ಎರಡು ದಿನ ನೀರು ನಿಲ್ಲಿಸಿದೆ, ಸಸಿಗಳು ತಲೆ ಜೋಲಿಸಿದವು. ಮತ್ತೆ ಹೊಯ್ದೆ, ತಲೆ ಎತ್ತಿದವು, ಹಳದಿಯ ತಲೆಯನ್ನೇ. ಗೊಬ್ಬರದಂಗಡಿಯವನಿಗೆ ಒಂದು ಎಲೆ ತೋರಿಸಿದರೆ ಅವನು ಅದನ್ನು ಸರಿಯಾಗಿ ನೋಡುವ ಮೊದಲೇ "ಸತ್ತು ಕುರೈವು ಅಣ್ಣೇ" ಎಂದ. ಸಾರ ಸಾಲದು ಎಂದರ್ಥ. ಹಾಗೆನ್ನುತ್ತಲೇ ಒಂದು ಪೊಟ್ಟಣ ಮುಂದಿಟ್ಟ. ನೆಗಡಿಯಿಂದ ಹಿಡಿದು ಮದುವೆಯಾಗದಿರುವುದರವರೆಗೆ ಅವನಿಗೆ ಎಲ್ಲವೂ ಸತ್ತು ಕುರೈವೇ. ರುಕ್ಮಣಿ ದೃಷ್ಟಿಯಾಗಿದೆ ಎಂದು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಮನೆಯವರೆಲ್ಲ ಕೆಮ್ಮಿದೆವು. ಸಸಿ ಕೆಮ್ಮಲಿಲ್ಲ.

ಈ ಸಸಿಗಳು ಬರೀ ನನ್ನ ಹೊಲಕ್ಕಾಗಿದ್ದರೆ ಇಷ್ಟು ಕಿಚ್ಚು ಇರುತ್ತಿರಲಿಲ್ಲ. ನಮ್ಮ ಬೀದಿಯಲ್ಲಿ ಸಸಿ ಬೇಕಾದರೆ ನನ್ನನ್ನು ಕೇಳುವುದು ರೂಢಿ. ಕೇಳಲು ಬಂದವರು ಗೋಡೆಯ ಮೇಲಿನಿಂದ ಇಣುಕಿ, ಮಳೆಯ ಸುದ್ದಿ ಮಾತಾಡಿ ಹೋಗುತ್ತಿದ್ದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಮಳೆಯ ಸುದ್ದಿಯನ್ನು ತಡೆದುಕೊಳ್ಳಲಾಗಲಿಲ್ಲ.

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎನ್ನುತ್ತಾರೆ. ನನ್ನ ಕಣ್ಣಿಗೆ ಹಳದಿಯಲ್ಲೆಲ್ಲ ಒಂದೇ ಕಂಡಿತು, ಅಕ್ಕನ ಸೋಪಿನ ನೀರು. ಒಂದು ಬೆಳಿಗ್ಗೆ ಅವಳು ಮೊಮ್ಮಕ್ಕಳ ಬಟ್ಟೆ ಕುಕ್ಕುತ್ತಿದ್ದಳು. ನೊರೆ ಕಾಲುವೆಯಲ್ಲಿ ಹರಿದು ಹೋಗುತ್ತಿತ್ತು. ಪಾತಿ ಕಾಲುವೆಗಿಂತ ಒಂದು ಗೇಣು ಮೇಲಿತ್ತು. ನೀರು ಗೇಣು ಮೇಲಕ್ಕೆ ಹತ್ತುವುದಿಲ್ಲ ಎಂದು ಕಪಿಲೆ ಹೊಡೆದವನಿಗೆ ಬೇರೆಯವರು ಹೇಳಬೇಕೇ?

"ಅಕ್ಕಾ, ನಿನ್ನ ಸೋಪು ನೀರೇ ಇದಕ್ಕೆಲ್ಲ ಕಾರಣ. ಕಲ್ಲು ಇಲ್ಲಿಂದ ತೆಗಿ" ಎಂದೆ.

ಅವಳು ತಮಾಷೆ ಎಂದುಕೊಂಡಳು. "ಮೂವತ್ತು ವರ್ಸದಿಂದ ಇಲ್ಲೇ ತಾನೆ ಒಗೀತೀನಿ ತಮ್ಮಾ? ನೀರು ಹೋಗೋ ದಾರಿ ನೋಡು, ಅದು ಆ ಕಡೆ. ನಿನ್ನ ಸಸಿ ಈ ಕಡೆ."

"ಮೂವತ್ತು ವರ್ಸ ನಾನು ಸುಮ್ನೆ ಇದ್ದೆ. ನಿನಗೆ ಜಾಗ ಕೊಟ್ಟದ್ದೇ ನನ್ನ ತಪ್ಪು."

ಮಾತು ಬಾಯಿಂದ ಹೊರಟಾಗ ಅದರ ತೂಕ ನನಗೆ ಗೊತ್ತಿರಲಿಲ್ಲ. ನಾನು ಹೇಳಿದ್ದು ಕಲ್ಲಿನ ಜಾಗವನ್ನು. ಅವಳು ಕೇಳಿಸಿಕೊಂಡದ್ದು ಮನೆಯ ಜಾಗವನ್ನು. ಇಲ್ಲ, ಸುಳ್ಳು ಬೇಡ. ನಾನು ಹೇಳಿದ್ದೂ ಅದನ್ನೇ. ಸೋಲುವ ಗಂಡಸಿಗೆ ಕೈಗೆ ಸಿಗುವ ಮೊದಲ ಕಲ್ಲು ಅವನು ಮಾಡಿದ ಉಪಕಾರ.

ಅಕ್ಕ ಅರ್ಧ ಹಿಂಡಿದ ಅಂಗಿಯನ್ನು ಪೂರ್ತಿ ಹಿಂಡಿದಳು, ಕೊಡವಿ ಬಕೆಟ್ಟಿಗೆ ಹಾಕಿದಳು. "ಸರಿ" ಎಂದಳು. ಅಷ್ಟೇ.

ರುಕ್ಮಣಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. "ಎಂತಾ ಮಾತು ಆಡ್ಬುಟ್ರಿ! ನಿಮ್ಮನ್ನ ಎತ್ತಿ ಬೆಳೆಸ್ದವ್ಳು" ಎಂದಳು. ಎತ್ತಿ ಬೆಳೆಸಿದ್ದು ಬರೀ ಮಾತಿಗಲ್ಲ. ಅಮ್ಮ ಕಳೆ ಕೀಳಲು ಹೋದರೆ ನಾನು ಅಕ್ಕನ ಸೊಂಟದ ಮೇಲೆ. ಅಕ್ಕನನ್ನು ಶಾಲೆಗೆ ಸೇರಿಸಲು ವಾಧ್ಯಾರರು ಮನೆಗೆ ಬಂದಾಗಲೂ ನಾನು ಅಲ್ಲೇ ಇದ್ದೆನಂತೆ. ಮಗುವನ್ನು ಇಳಿಸಿ ಬಾ ಎಂದರಂತೆ. ಇಳಿಸಿದರೆ ನಾನು ಅತ್ತೆನಂತೆ. ನನ್ನ ಓದು ನಿಂತಿತು ಎಂದು ನಾನು ಊರಿಗೆಲ್ಲ ಹೇಳಿಕೊಂಡು ತಿರುಗಿದ್ದೇನೆ. ಅವಳ ಓದು ಶುರುವಾಗಲೇ ಇಲ್ಲ, ಅದನ್ನು ಅವಳು ಯಾರಿಗೂ ಹೇಳಿಲ್ಲ.

ಮರುದಿನ ಅಕ್ಕನ ಮಗ ಇಬ್ಬರು ಸ್ನೇಹಿತರನ್ನು ಕರೆದುಕೊಂಡು ಬಂದು, ಹಾರೆ ಹಾಕಿ ಎಬ್ಬಿಸಿ, ಕಲ್ಲನ್ನು ತಮ್ಮ ಮನೆಯ ಮುಂದೆ, ಬೀದಿಯ ಅಂಚಿಗೆ ಉರುಳಿಸಿಕೊಂಡು ಹೋದ. "ಬರ್ತೀನಿ ಮಾಮಾ" ಎಂದ, ಮುಖ ನೋಡದೆ. ಅರವತ್ತಕ್ಕೆ ಹತ್ತಿರದ ಹೆಂಗಸು ಬಸ್ಸು ಲಾರಿ ಹೋಗುವ ಬೀದಿಗೆ ಬೆನ್ನು ಹಾಕಿ ಒಗೆಯತೊಡಗಿದಳು. ಹಿತ್ತಲಲ್ಲಿ ಕಲ್ಲಿದ್ದ ಕಡೆ ಹುಲ್ಲಿಲ್ಲದ ಒಂದು ಚೌಕ ಉಳಿಯಿತು.

ಒಂದು ವಾರ ಕಳೆಯಿತು. ಸೋಪಿನ ನೀರಿಲ್ಲ, ನೊರೆಯಿಲ್ಲ. ಸಸಿ ಮೊದಲಿಗಿಂತ ಹಳದಿ.

ಆಗ ಒಂದು ಸಸಿಯನ್ನು ಬೇರು ಸಮೇತ ಒದ್ದೆ ಬಟ್ಟೆಯಲ್ಲಿ ಸುತ್ತಿ ತೇನಿಗೆ ಬಸ್ಸು ಹತ್ತಿದೆ. ಕೃಷಿ ಕಚೇರಿಯಲ್ಲಿ ನನ್ನ ಅರ್ಧ ವಯಸ್ಸಿನ ಒಬ್ಬ ಅಧಿಕಾರಿ ಇದ್ದರು. ಬಟ್ಟೆ ಬಿಚ್ಚುವ ಮೊದಲೇ ಒಂದು ಪ್ರಶ್ನೆ ಕೇಳಿದರು. ಹಳದಿ ಮೊದಲು ಬಂದದ್ದು ಕೆಳಗಿನ ಹಳೆ ಎಲೆಗೋ, ಮೇಲಿನ ಹೊಸ ಎಲೆಗೋ?

ಅಯ್ಯಾ, ಅದನ್ನು ನಾನು ನೋಡಿರಲಿಲ್ಲ. ಇಪ್ಪತ್ತು ದಿನ ದಿನಕ್ಕೆ ನಾಲ್ಕು ಸಲ ಬಗ್ಗಿ ಬಗ್ಗಿ ನೋಡಿದವನು ಹಳದಿಯನ್ನು ನೋಡಿದ್ದೆ, ಎಲೆಯನ್ನು ನೋಡಿರಲಿಲ್ಲ.

ಅವರೇ ಬಿಚ್ಚಿ ತೋರಿಸಿದರು. ಕೆಳಗಿನ ಎಲೆಗಳು ಹಸಿರಾಗಿಯೇ ಇದ್ದವು. ಮೇಲಿನ ಎಳೆಯವು ಹಳದಿ, ಆ ಹಳದಿಯಲ್ಲೂ ನರಗಳು ಮಾತ್ರ ಹಸಿರು, ಬಲೆ ನೇಯ್ದ ಹಾಗೆ. ಅವರು ಹೇಳಿದ್ದು ನನಗೆ ತಿಳಿದಷ್ಟು ಇದು. ಯೂರಿಯಾದ ಹಸಿವಾದರೆ ಕೆಳಗಿನ ಎಲೆ ಮೊದಲು ಬಾಡುತ್ತದೆ, ಯಾಕೆಂದರೆ ಗಿಡ ಹಳೆ ಎಲೆಯಿಂದ ಕಿತ್ತು ಹೊಸ ಎಲೆಗೆ ಉಣಿಸುತ್ತದೆ. ಕಬ್ಬಿಣದ ಸಾರ ಹಾಗಲ್ಲ. ಹಳೆ ಎಲೆಯಲ್ಲಿ ಎಷ್ಟೇ ಇದ್ದರೂ ಅದು ಅಲ್ಲಿಂದ ಕದಲುವುದಿಲ್ಲ. ಕೂಸು ಎದುರಿಗೇ ಹಸಿದು ಬಿಳುಚಿಕೊಂಡರೂ ಹಿರಿಯ ಎಲೆ ತನ್ನದನ್ನು ಬಿಡಲಾರದು. ಅಧಿಕಾರಿ ಎಲೆಯ ಗುಣ ಹೇಳುತ್ತಿದ್ದರು. ನನಗೆ ಯಾಕೋ ಕುರ್ಚಿ ಸರಿಯಾಗಿಲ್ಲ ಎನ್ನಿಸಿತು, ಸರಿದು ಕೂತೆ.

"ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಸುಣ್ಣ ಹೆಚ್ಚಾದರೆ ಬೇರಿಗೆ ಅದು ಸಿಗುವುದಿಲ್ಲ" ಎಂದರು. "ಆ ಜಾಗದಲ್ಲಿ ಸುಣ್ಣ ಏನಾದರೂ ಬಿದ್ದಿತ್ತೇ?"

ನಮ್ಮ ಮನೆಯ ಗೋಡೆಯ ಬಗ್ಗೆ ನಿಮಗೆ ಹೇಳಬೇಕು. ನಮ್ಮ ಬೀದಿಯಲ್ಲಿ ಅಷ್ಟು ಬಿಳಿ ಗೋಡೆ ಇನ್ನೊಂದಿಲ್ಲ. ಪ್ರತಿ ಪೊಂಗಲ್‌ಗೆ ನಾನೇ ಸುಣ್ಣ ಬಳಿಯುತ್ತೇನೆ, ಆಳು ಹಿಡಿಯುವುದಿಲ್ಲ. ಕಲ್ಲುಸುಣ್ಣ ತಂದು ಗುಂಡಿಯಲ್ಲಿ ಅರಳಿಸಿ, ಮೂರು ಸಲ ಸೋಸಿ, ಅನ್ನದ ಗಂಜಿ ಬೆರೆಸಿ, ಒಂದು ಚಿಟಿಕೆ ನೀಲಿ ಹಾಕುವುದು ನನ್ನ ಕೈಗುಣ. ನನ್ನ ಮನೆಗೆ ಬಳಿದು ಅಕ್ಕನ ಮನೆಗೂ ಬಳಿಯುತ್ತಿದ್ದೆ. ಬೀದಿಯವರು ನಿಂತು ನೋಡಿ ಹೋಗುತ್ತಿದ್ದರು. ಸುಣ್ಣ ಅರಳಿಸುವ ಗುಂಡಿ ಹಿತ್ತಲ ಗೋಡೆಯ ಮೂಲೆಯಲ್ಲಿ. ಪಾತ್ರೆ ತೊಳೆದ ನೀರು ಅಲ್ಲಿಗೇ, ಸೋಸಿದ ಗಷ್ಟೂ ಅಲ್ಲಿಗೇ. ಹಬ್ಬ ಮುಗಿದ ಮೇಲೆ ಮೇಲೊಂದಿಷ್ಟು ಮಣ್ಣು ಎಳೆದರೆ ಗುಂಡಿ ಇತ್ತು ಎಂಬ ಗುರುತೂ ಇರುವುದಿಲ್ಲ. ಮೂವತ್ತು ಪೊಂಗಲ್.

"ಇಲ್ಲೆ ಸಾರ್" ಎಂದೆ. "ಸುಣ್ಣ ಗಿಣ್ಣ ಏನೂ ಇಲ್ಲೆ."

ಯಾರೂ ಕಾಣದ ಊರಿನಲ್ಲಿ, ನನ್ನ ಹೆಸರೂ ತಿಳಿಯದ ಹುಡುಗನ ಮುಂದೆ, ಒಂದು ಮಾತು ನಿಜ ಹೇಳಲು ಆಗಲಿಲ್ಲ. ಅವರು ನನ್ನನ್ನು ಒಂದು ಗಳಿಗೆ ನೋಡಿ, ಅನ್ನಭೇದಿ ಎಂಬ ಕಬ್ಬಿಣದ ಉಪ್ಪು ಕರಗಿಸಿ ನಿಂಬೆರಸ ಹಿಂಡಿ ಎಲೆಗೆ ಸಿಂಪಡಿಸಿ ಎಂದು ಅಳತೆ ಬರೆದುಕೊಟ್ಟರು. ಏಳುವಾಗ ಹಿಂದಿನಿಂದ ಇನ್ನೊಂದು ಮಾತು ಹೇಳಿದರು. "ಎಲೆಗೆ ಹೊಡೆದರೆ ಆ ಎಲೆ ಹಸಿರಾಗುತ್ತದೆ, ಅಷ್ಟೇ. ಮಣ್ಣು ಅದೇ ಮಣ್ಣು. ಆದಷ್ಟು ಬೇಗ ಬೇರೆ ನೆಲಕ್ಕೆ ನೆಡಿ."

ಮನೆಗೆ ಬಂದು ಪಾತಿಯ ಅಂಚನ್ನು ಅಗೆದೆ. ಗೇಣು ಕೆಳಗೆ ಹೆಪ್ಪು ಹಾಕಿದ ಮೊಸರಿನ ಹಾಗೆ ಬಿಳಿ ಪದರ. ಬೆರಳಲ್ಲಿ ತೆಗೆದು ಉಜ್ಜಿದೆ. ನನ್ನದೇ ಸುಣ್ಣ, ಮೂರು ಸಲ ಸೋಸಿದ್ದು. ನೀಲಿಯ ಛಾಯೆ ಕೂಡ ಹೋಗಿರಲಿಲ್ಲ ಎಂದು ನನಗೆ ಕಂಡಿತು, ಅದು ಭ್ರಮೆ ಇರಬಹುದು. ರುಕ್ಮಣಿ ಬಂದು ನೋಡಿದಳು. ನಾನು ಮಣ್ಣು ಎಳೆದು ಮುಚ್ಚಿದೆ. ಮುಚ್ಚುವುದರಲ್ಲಿ ನನಗೆ ಮೂವತ್ತು ವರ್ಷದ ಅಭ್ಯಾಸ.

ಅನ್ನಭೇದಿ ಕಂಬಂನ ನಾಟಿ ಔಷಧಿ ಅಂಗಡಿಯಲ್ಲಿ ಸಿಕ್ಕಿತು. ಎರಡು ಸಂಜೆ ಸಿಂಪಡಿಸಿದೆ. ಆರನೆಯ ದಿನಕ್ಕೆ ನರಗಳಿಂದ ಹಸಿರು ಹೊರಗೆ ಹರಿದು ಎಲೆಯನ್ನೆಲ್ಲ ತುಂಬಿತು. ಮೊಣಕಾಲಿಗೆ ಬಟ್ಟೆ ಸುತ್ತಿಕೊಂಡು ಎಲ್ಲವನ್ನೂ ತೋಟಕ್ಕೆ ಸಾಗಿಸಿ ನೆಟ್ಟೆ. ಬೀದಿಯವರಿಗೂ ಕೊಟ್ಟೆ. ಈಗ ಅವರು ಸಸಿಯ ಸುದ್ದಿಯನ್ನೇ ಮಾತಾಡಿದರು. "ಏನು ಮಾಡ್ದೆ ಅಣ್ಣಾ?" ಎಂದರೆ ಒಂದು ಗುಟ್ಟು ಎಂದೆ. ಗುಟ್ಟು ಎಂಬುದು ಮಾತ್ರ ನಿಜ.

ಅಕ್ಕನಿಗೆ ಹೇಳಬೇಕು ಎಂದು ದಿನವೂ ಎದ್ದೆ. ಹೇಳುವುದಕ್ಕೆ ಎಷ್ಟು ಮಾತು ಬೇಕು? ಸುಣ್ಣ ನನ್ನದು, ತಪ್ಪು ನನ್ನದು. ನಾಲ್ಕು ಮಾತು. ಐವತ್ತು ಅಕ್ಷರವನ್ನು ಯಾರ ಹಂಗೂ ಇಲ್ಲದೆ ಕಲಿತ ನನಗೆ ಈ ನಾಲ್ಕು ಮಾತು ಬಾಯಿಗೆ ಬರಲಿಲ್ಲ. ನಾಳೆ ಹೇಳುತ್ತೇನೆ ಎಂದುಕೊಳ್ಳುತ್ತಿದ್ದೆ, ನಮ್ಮ ವಾಧ್ಯಾರರ ಹಾಗೆ.

ಮಾರ್ಗಳಿ ತಿಂಗಳು ಮುಗಿಯುತ್ತ, ಪೊಂಗಲ್ ಹತ್ತಿರ ಬಂತು. ಸುಣ್ಣ ಅರಳಿಸಿದೆ. ಈ ಸಲ ಎರಡು ಮನೆಗಾಗುವಷ್ಟು ಅರಳಿಸಿ, ಏಣಿ ಹೊತ್ತು, ಅಕ್ಕನ ಗೋಡೆ ಬಳಿಯುವ ನೆಪದಲ್ಲಿ ಮಾತು ಎತ್ತೋಣ ಎಂದು ಲೆಕ್ಕ ಹಾಕಿದ್ದೆ. ಬೀದಿಗೆ ಬಂದು ನೋಡಿದರೆ ಅಕ್ಕನ ಮನೆಯ ಗೋಡೆಗೆ ಕೂಲಿಯವನೊಬ್ಬ ಅಂಗಡಿಯ ಡಬ್ಬಿಯ ಬಣ್ಣ ಬಳಿಯುತ್ತಿದ್ದ. ತಿಳಿ ಹಳದಿ. ನನ್ನನ್ನು ಚುಚ್ಚಲು ಆರಿಸಿದ ಬಣ್ಣ ಎಂದು ಮೊದಲು ಅನ್ನಿಸಿತು. ಆಮೇಲೆ ತಿಳಿಯಿತು, ಸೊಸೆಗೆ ಇಷ್ಟವಾದ ಬಣ್ಣ ಅಂತೆ. ಲೋಕದ ಹಳದಿಯೆಲ್ಲ ನನ್ನ ಸಲುವಾಗಿಯೇ ಇದೆ ಎಂದುಕೊಳ್ಳುವುದೂ ಒಂದು ರೋಗ. ಉಳಿದ ಅರ್ಧ ಗುಂಡಿ ಸುಣ್ಣವನ್ನು ಏನು ಮಾಡಲಿ? ಕೈ ತಾನಾಗಿ ಅದೇ ಮೂಲೆಯಲ್ಲಿ ಮಣ್ಣು ಎಳೆದು ಮುಚ್ಚಿತು.

ಪೊಂಗಲ್‌ಗೆ ಒಡಹುಟ್ಟಿದವಳಿಗೆ ಸೀರು ಎಂದು ತವರಿನ ಉಡುಗೊರೆ ಕೊಡುವುದು ನಮ್ಮಲ್ಲಿ ತಪ್ಪಿಸಲಾಗದ ಪದ್ಧತಿ. ಅಕ್ಕಿ, ಬೆಲ್ಲ, ಒಂದು ಜೋಡಿ ಕಬ್ಬು, ಅರಿಸಿನದ ಗಿಡ, ಸೀರೆ. ಪ್ರತಿ ವರ್ಷ ಹಿತ್ತಲ ಬಾಗಿಲಿನಿಂದ, ಅರ್ಧ ಹಲ್ಲುಜ್ಜುತ್ತಲೇ ಕೊಟ್ಟು ಬರುತ್ತಿದ್ದೆ. ಈ ಸಲ ಬಾಗಿಲು ತಳ್ಳಿದೆ, ಕದಲಲಿಲ್ಲ. ಆಚೆಯಿಂದ ಅಗುಳಿ ಬಿದ್ದಿತ್ತು. ತಟ್ಟೆ ಹೊತ್ತು ಬೀದಿ ಸುತ್ತಿ, ಮುಂಬಾಗಿಲಿಗೆ ಹೋದೆ. ಬಾಗಿಲ ಪಕ್ಕ ಒಗೆಯುವ ಕಲ್ಲು, ಹಬ್ಬವೆಂದು ಅದಕ್ಕೂ ಕುಂಕುಮವಿಟ್ಟಿದ್ದರು.

ಅಕ್ಕ ಸೆರಗು ಸರಿಮಾಡಿಕೊಂಡು ಬಂದಳು. "ಬನ್ನಿ. ಕೂತ್ಕಳ್ಳಿ" ಎಂದಳು.

ಐವತ್ತು ವರ್ಷ "ಬಾರಲೇ, ಕುಂದ್ರಲೇ, ಉಣ್ಣಲೇ" ಎಂದ ಬಾಯಿ. ಬೈಗುಳವಾಗಿದ್ದರೆ ತಿರುಗಿ ಬೈಯಬಹುದಿತ್ತು. ಮರ್ಯಾದೆಗೆ ಏನು ಉತ್ತರ ಕೊಡುವುದು?

"ಸಸಿ ಹಸ್ರಾಯ್ತು ಅಕ್ಕಾ" ಎಂದೆ. ಹೊರಟದ್ದು ಅಷ್ಟೇ.

"ಒಳ್ಳೇದಾಯ್ತು" ಎಂದಳು. ಅರಿಸಿನದ ಗಿಡವನ್ನು ಕೈಗೆ ತೆಗೆದುಕೊಂಡು, ಅಭ್ಯಾಸದಂತೆ ಎಲೆ ತಿರುಗಿಸಿ ನೋಡಿದಳು. "ಸುಣ್ಣ ತಾನೆ?" ಎಂದಳು.

ಅವಳಿಗೆ ಗೊತ್ತಿತ್ತು. ಮಲ್ಲಿಗೆ ಸತ್ತ ವರ್ಷವೇ ಬೇರು ಕಿತ್ತಾಗ ನೋಡಿದ್ದಳು. "ಅವತ್ತೇ ಹೇಳಿದ್ರೆ ಏನು?" ಎಂದು ಕೇಳಿದೆ, ನನ್ನ ದನಿ ಆಗಲೂ ಏರಿತೆಂದು ಕಾಣುತ್ತದೆ.

"ಅಷ್ಟು ಬೆಳ್ಳಗೆ ಬಳ್ದು, ಬೀದೀಲಿ ನಿಂತು ನಿಮ್ಮ ಗೋಡೆ ನೀವೇ ನೋಡ್ಕಂತಿದ್ರಿ. ಹೆಂಗೆ ಹೇಳೋದು?" ಎಂದಳು. ಆಮೇಲೆ ಸೊಸೆಯನ್ನು ಕರೆದು, "ಮಾಮಾಗೆ ಕಾಪಿ ತಾಮ್ಮಾ" ಎಂದಳು. ಕಾಪಿ ಬಂತು, ಹೊರಗಿನವರಿಗೆ ಕೊಡುವ ಹೊಳೆಯುವ ಲೋಟದಲ್ಲಿ. ಕುಡಿದೆ. ನಾಲ್ಕು ಮಾತೂ ಅದರ ಜೊತೆ ಒಳಗಿಳಿದವು.

ಎಲೆ ಯಾಕೆ ಹಸಿರು ಎಂಬುದು ಈಗ ಅಷ್ಟಿಷ್ಟು ಗೊತ್ತು. ಎಲೆಗೆ ಹೊಡೆಯುವ ಔಷಧಿಯೂ ಗೊತ್ತು. ಮಣ್ಣಿನದು ಗೊತ್ತಿಲ್ಲ. ಆ ಮೂಲೆಯನ್ನು ಮೂರು ಅಡಿ ಅಗೆದು ಹೊರಗೆ ಹಾಕಬೇಕು ಎನ್ನುತ್ತಾಳೆ ರುಕ್ಮಣಿ. ಮೊಣಕಾಲು ನೋವು ಎನ್ನುತ್ತೇನೆ ನಾನು.

ಈಗ ನನ್ನಲ್ಲಿ ಇರುವುದು ಎರಡೂಕಾಲು ಎಕರೆ ನೆಲ. ಬಾವಿ ಒಂದು, ಮೋಟಾರು ಒಂದು. ಎಮ್ಮೆ ಎರಡು. ಕಾಯಿ ಹಿಡಿದಿರುವ ತಕ್ಕಾಳಿ ಹದಿನಾಲ್ಕು ಸಾಲು. ಸರಿಯಾದ ಮೊಣಕಾಲು ಒಂದು. ಬಿಳಿ ಗೋಡೆ ನಾಲ್ಕು. ಹೆಂಡತಿ ಒಬ್ಬಳು, ಅಕ್ಕ ಒಬ್ಬಳು. ನಡುವೆ ಬಾಗಿಲು ಒಂದು. ಅಗುಳಿ ಎರಡು. ನನ್ನ ಕಡೆಯದು ತೆರೆದೇ ಇದೆ.